ಹಳಿ ತಲುಪದ ಊರಿಗೆ ಲಾರಿ ತಲುಪಿತು: ಗೋಕಾಕ, ಮೂಡಲಗಿ, ಹುಕ್ಕೇರಿಯ ಸರಕು ಸಾಗಾಣಿಕೆಯ ಕಥೆ

ಘಟಪ್ರಭೆ ಮತ್ತು ಹಿರಣ್ಯಕೇಶಿಯ ದಂಡೆಗೆ ರೈಲು ಬಂದದ್ದು 1880ರ ದಶಕದ ಕೊನೆಗೆ. ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಮಿರಜದಿಂದ ಬೆಳಗಾವಿ, ಲೋಂಡಾ ಕಡೆಗೆ ಇಳಿಯುತ್ತ ಘಟಪ್ರಭಾ, ಗೋಕಾಕ ರೋಡ್, ಪಾಚ್ಛಾಪುರದಂಥ ನಿಲ್ದಾಣಗಳನ್ನು ಮುಟ್ಟಿಕೊಂಡು ಹೋಯಿತು. ಗೋಕಾಕ ಊರಿನೊಳಗೆ ಅದು ಬರಲಿಲ್ಲ. ಹುಕ್ಕೇರಿಗೂ ಇಲ್ಲ, ಸಂಕೇಶ್ವರಕ್ಕೂ ಇಲ್ಲ, ಮೂಡಲಗಿಗಂತೂ ಇಲ್ಲವೇ ಇಲ್ಲ. ನಿಲ್ದಾಣದಿಂದ ಪೇಟೆಗೆ, ಪೇಟೆಯಿಂದ ಹಳ್ಳಿಗೆ, ಹೊಲದಿಂದ ಅಡತಿ ಅಂಗಡಿಗೆ ಸರಕು ಹೊರುವ ಕೆಲಸ ಎತ್ತಿನ ಗಾಡಿಯ ಪಾಲಿಗೇ ಉಳಿಯಿತು. ಮುಂದೆ ಆ ಕೆಲಸವನ್ನು ಲಾರಿ ವಹಿಸಿಕೊಂಡಿತು. ಈ ಮೂರು ತಾಲೂಕುಗಳ ಕಳೆದ ಮುಕ್ಕಾಲು ಶತಮಾನದ ಏಳಿಗೆಯಲ್ಲಿ ಅಣೆಕಟ್ಟು, ಕಾಲುವೆ, ಕಾರ್ಖಾನೆಗಳ ಹೆಸರು ಎಲ್ಲ ಕಡೆ ಬರುತ್ತದೆ. ಅವುಗಳ ನಡುವೆ ಹಗಲು ರಾತ್ರಿ ಓಡಾಡಿದ ಲಾರಿಯ ಹೆಸರು ಮಾತ್ರ ಎಲ್ಲಿಯೂ ದಾಖಲಾಗಲಿಲ್ಲ. ಈ ಸಂಚಿಕೆಯಲ್ಲಾದರೂ ಅದನ್ನು ದಾಖಲಿಸಬೇಕು.

ಲಾರಿಗೆ ಮೊದಲಿನ ದಾರಿಗಳನ್ನು ನೋಡಿದರೆ ಲಾರಿ ಯಾಕೆ ಇಷ್ಟು ಬೇಗ ಬೇರು ಬಿಟ್ಟಿತು ಎಂಬುದು ತಿಳಿಯುತ್ತದೆ. ಪುಣೆ-ಬೆಂಗಳೂರು ರಸ್ತೆ ನಿಪ್ಪಾಣಿ ದಾಟಿ ಸಂಕೇಶ್ವರ, ಹತ್ತರಗಿ, ಯಮಕನಮರಡಿಯ ಮೇಲೆ ಹಾಯ್ದು ವಂಟಮುರಿ ಘಾಟಿನಿಂದ ಬೆಳಗಾವಿಗೆ ಹೋಗುತ್ತದೆ. ಅದೇ ಸಂಕೇಶ್ವರದಿಂದ ಪಶ್ಚಿಮಕ್ಕೆ ಹೊರಳಿದರೆ ಗಡಹಿಂಗ್ಲಜ, ಆಜರಾ, ಆಂಬೋಲಿ ಘಾಟು, ಕೆಳಗೆ ಸಾವಂತವಾಡಿ, ಕೊಂಕಣ. ರೈಲಿಗೆ ಮುಂಚೆ ಬೆಳಗಾವಿ ಸೀಮೆಯ ಹತ್ತಿ ಬಂಡಿಗಳ ಮೇಲೆ ಘಟ್ಟ ಇಳಿದು ವೆಂಗುರ್ಲಾ ಬಂದರಿಗೆ ಹೋಗುತ್ತಿತ್ತು. ಪೂರ್ವಕ್ಕೆ ಹೋಗುವ ಸಂಕೇಶ್ವರ-ನರಗುಂದ ರಸ್ತೆ ಹುಕ್ಕೇರಿ, ಘಟಪ್ರಭಾ, ಗೋಕಾಕಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಉತ್ತರದಲ್ಲಿ ನಿಪ್ಪಾಣಿ-ಮುಧೋಳ ರಸ್ತೆ ಮೂಡಲಗಿ ಸೀಮೆಯ ಗುರ್ಲಾಪುರದ ಮೇಲೆ ಹಾಯುತ್ತದೆ. ಕೊಲ್ಹಾಪುರ, ಸಾಂಗ್ಲಿ, ಇಚಲಕರಂಜಿ, ಮಹಾಲಿಂಗಪುರ, ರಬಕವಿ-ಬನಹಟ್ಟಿ, ಬೆಳಗಾವಿ, ಇವೆಲ್ಲ ಒಂದು ದಿನದ ಓಟದೊಳಗಿನ ಊರುಗಳು. ಬೆಲ್ಲ, ಅರಿಷಿಣ, ಮೆಣಸಿನಕಾಯಿ, ತಂಬಾಕು, ನೂಲು, ಬಟ್ಟೆ ಒಂದೊಂದಕ್ಕೂ ಒಂದೊಂದು ಪೇಟೆ. ಸರಕು ಒಂದು ಕಡೆ, ಗಿರಾಕಿ ಇನ್ನೊಂದು ಕಡೆ ಇರುವ ಇಂಥ ಸೀಮೆಯಲ್ಲಿ ಗಾಲಿಗೆ ಕೆಲಸ ತಪ್ಪುವುದಿಲ್ಲ.

ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ 1880ರ ದಶಕದಲ್ಲೇ ಶುರುವಾದದ್ದು. ಘಟಪ್ರಭೆ ಸುಮಾರು 170 ಅಡಿ ಧುಮುಕುವ ಜಾಗದಲ್ಲಿ ನೀರಿನ ಬಲದಿಂದಲೇ ಯಂತ್ರ ತಿರುಗಿಸಿದ ಗಿರಣಿ ಅದು. ಅಲ್ಲಿಗೆ ಹತ್ತಿಯ ಅಂಡಿಗೆ ಹೋಗಬೇಕು, ಅಲ್ಲಿಂದ ನೂಲಿನ ಗಂಟು ಹೊರಬೀಳಬೇಕು. ಹಳಿಗೂ ಗಿರಣಿಗೂ ನಡುವಿನ ಆ ಕೆಲವು ಮೈಲಿಗಳು ಈ ಭಾಗದ ಸಾಗಾಣಿಕೆಯವರಿಗೆ ವರ್ಷವಿಡೀ ಕೂಲಿ ಕೊಟ್ಟವು. ಕಬ್ಬಿನಂತೆ ಹಂಗಾಮು ಮುಗಿದೊಡನೆ ನಿಲ್ಲುವ ಕೆಲಸ ಇದಾಗಿರಲಿಲ್ಲ.

ಮೊದಲ ತಲೆಮಾರಿನ ಲಾರಿಗಳು ಪೆಟ್ರೋಲಿನವು, ಹೊರದೇಶದ ಹೆಸರಿನವು. ಫೋರ್ಡ್ ಕಂಪನಿ 1926ರಲ್ಲಿ, ಜನರಲ್ ಮೋಟರ್ಸ್ 1928ರಲ್ಲಿ ಭಾರತದಲ್ಲಿ ನೆಲೆಯೂರಿ, ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಮುಂಬಯಿಯಲ್ಲಿ ಜೋಡಿಸಿ ಮಾರುತ್ತಿದ್ದವು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶೆವ್ರೊಲೆ, ಫೋರ್ಡ್, 1931ರಿಂದ ಇಂಗ್ಲೆಂಡಿನಲ್ಲಿ ತಯಾರಾಗತೊಡಗಿದ ಬೆಡ್‌ಫೋರ್ಡ್ ಲಾರಿಗಳು ಈ ಕಡೆಯ ರಸ್ತೆಗೆ ಬಂದದ್ದು ಮುಂಬಯಿಯ ದಾರಿಯಿಂದಲೇ. ಎಂಜಿನ್ನಿನ ಮುಂದೆ ಹ್ಯಾಂಡಲ್ ಸಿಕ್ಕಿಸಿ ತಿರುವಿದರೆ ಗಾಡಿ ಚಾಲೂ. ಹ್ಯಾಂಡಲ್ ತಿರುಗಿ ಹೊಡೆದರೆ ಮುಂಗೈ ಮುರಿಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದೇಶದ ಎಷ್ಟೋ ಬಸ್ಸು, ಲಾರಿಗಳ ಬೆನ್ನಿಗೆ ಇದ್ದಲಿ ಗ್ಯಾಸಿನ ಡಬ್ಬಿ ಕಟ್ಟಿ ಓಡಿಸಿದರು. ಯುದ್ಧ ಮುಗಿದ ಮೇಲೆ ಸೈನ್ಯ ಹರಾಜು ಹಾಕಿದ ಫೋರ್ಡ್, ಶೆವ್ರೊಲೆಗಳು ಅಗ್ಗಕ್ಕೆ ಸಿಕ್ಕವು. ಸಣ್ಣ ಊರಿನವರೂ ಮಾಲಕರಾಗುವ ಬಾಗಿಲು ತೆರೆದದ್ದು ಹೀಗೆ.

1948ರಲ್ಲಿ ಮುಂಬಯಿ ಸರಕಾರ ಪ್ರಯಾಣಿಕರ ಬಸ್ಸನ್ನು ತನ್ನ ಕೈಗೆ ತೆಗೆದುಕೊಳ್ಳಲು ಶುರುಮಾಡಿತು. ಸರಕಿನ ಲಾರಿಯನ್ನು ಮಾತ್ರ ಖಾಸಗಿಯವರಿಗೇ ಬಿಟ್ಟಿತು. ಗಾಡಿ ಓಡಿಸುವ ಹುಮ್ಮಸ್ಸು ಇದ್ದವನಿಗೆ, ಕೈಯಲ್ಲಿ ಒಂದಿಷ್ಟು ದುಡ್ಡಿದ್ದವನಿಗೆ ಉಳಿದ ದಾರಿ ಲಾರಿಯದು.

ಇಲ್ಲಿಂದ ಮುಂದೆ ಹೆಸರುಗಳು ಬದಲಾಗುತ್ತವೆ. 1954ರಲ್ಲಿ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಜಮಶೆಡಪುರದಲ್ಲಿ ಡೀಸೆಲ್ ಲಾರಿ ಕಟ್ಟತೊಡಗಿತು. ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ ಹೊತ್ತ ಟಾಟಾ-ಮರ್ಸಿಡಿಸ್ ಅದು. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರ ಇಳಿಯಿತು, ಅದರ ಜಾಗದಲ್ಲಿ ಟಾಟಾದ ‘ಟಿ’ ಅಕ್ಷರ ಬಂತು. 1948ರಲ್ಲಿ ಹುಟ್ಟಿದ ಎನ್ನೂರಿನ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು, ಅದರದು ಕಾಮೆಟ್ ಲಾರಿ. ವಾಲಚಂದ ಹಿರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಮುಂಬಯಿಯ ಕುರ್ಲಾದಲ್ಲಿ ಡಾಜ್, ಫಾರ್ಗೋ ಲಾರಿಗಳನ್ನು ತಯಾರಿಸಿ, ಅವುಗಳಿಗೆ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂಡಿಸಿತು. ಬೆಡ್‌ಫೋರ್ಡನ್ನು ಹಿಂದೂಸ್ತಾನ್ ಮೋಟರ್ಸ್ ಮುಂದುವರಿಸಿತು. ಒಂದೊಂದು ಗಾಡಿಯ ಅಭಿಮಾನಿಗಳೂ ಬೇರೆ. ಫಾರ್ಗೋ ಹಗುರ, ಲೇಲ್ಯಾಂಡ್ ಏರಿಗೆ ಗಟ್ಟಿ, ಟಾಟಾದ ಸಾಮಾನು ಯಾವ ಊರಲ್ಲೂ ಸಿಗುತ್ತದೆ ಎಂಬ ವಾದಗಳು ಚಹಾದ ಅಂಗಡಿಗಳಲ್ಲಿ ನಡೆಯುತ್ತಿದ್ದವು. ಕೊನೆಗೆ ಗೆದ್ದದ್ದು ಬಿಡಿಭಾಗ ಸಿಗುವ ಗಾಡಿ. ಗ್ಯಾರೇಜಿನ ಮಿಸ್ತ್ರಿಗೆ ಯಾವ ಎಂಜಿನ್ನಿನ ಮೈ ಗೊತ್ತೋ ಅದೇ ಹಳ್ಳಿಗೆ ಒಗ್ಗುವ ಲಾರಿ.

ಟಾಟಾ ಲಾರಿಯ ಅಂಕಿಗಳಲ್ಲೇ ಅದರ ಜಾತಕ ಇತ್ತು. 1210 ಎಂದರೆ ಸರಕು ಸೇರಿ ಒಟ್ಟು ತೂಕ 12 ಟನ್, ಎಂಜಿನ್ನಿನ ಬಲ ಸುಮಾರು 100 ಕುದುರೆ ಶಕ್ತಿ. ಮುಂದೆ ಬಂದ 1612 ಎಂದರೆ 16 ಟನ್, 120 ಕುದುರೆ ಶಕ್ತಿ. ದುಂಡು ಮೂತಿಯ 1210 ಇಡೀ ದೇಶದ ರಸ್ತೆಯ ಮುಖವೇ ಆಗಿಬಿಟ್ಟಿತು. ಮಕ್ಕಳು ಲಾರಿಯ ಚಿತ್ರ ಬರೆದರೆ ಆ ಮೂತಿಯನ್ನೇ ಬರೆಯುತ್ತಿದ್ದರು.

ಆಗ ಕಂಪನಿ ಕೊಡುತ್ತಿದ್ದದ್ದು ಪೂರ್ತಿ ಲಾರಿಯಲ್ಲ, ಬರಿಯ ಚಾಸಿ. ಎಂಜಿನ್, ಗಾಲಿ, ಸ್ಟೇರಿಂಗ್, ಕೂರಲು ಕಟ್ಟಿಗೆಯ ಪೆಟ್ಟಿಗೆಯಂಥದ್ದೊಂದು ಆಸನ. ಮೇಲೆ ಚಾವಣಿ ಇಲ್ಲ, ಪಕ್ಕಕ್ಕೆ ಬಾಗಿಲಿಲ್ಲ. ಚಾಲಕ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಿಸಿಲು, ಮಳೆ, ಧೂಳು ತಿನ್ನುತ್ತ ನೂರಾರು ಮೈಲಿ ಓಡಿಸಿಕೊಂಡು ಬರಬೇಕು. ಊರಿಗೆ ಬಂದ ಮೇಲೆ ಬಡಿಗರು, ಕಮ್ಮಾರರು, ಬಣ್ಣ ಬಳಿಯುವವರು ಸೇರಿ ಅದಕ್ಕೆ ಕ್ಯಾಬಿನ್ ಕಟ್ಟಿ, ಗಟ್ಟಿ ಕಟ್ಟಿಗೆಯ ಬಾಡಿ ಕೂಡಿಸುತ್ತಿದ್ದರು. ಮಾಲಕನ ಮನೆದೇವರ ಹೆಸರು ಹಣೆಯ ಮೇಲೆ, ಮಕ್ಕಳ ಹೆಸರು ಬಾಗಿಲ ಮೇಲೆ, ಹಿಂದಿನ ಹಲಗೆಯ ಮೇಲೆ ಆಕಳು, ನವಿಲು ಇಲ್ಲವೇ ಕಮಲ. ಒಂದೇ ಕಾರ್ಖಾನೆಯಿಂದ ಹೊರಬಿದ್ದ ಎರಡು ಲಾರಿಗಳು ಒಂದರಂತೆ ಒಂದು ಇರುತ್ತಿರಲಿಲ್ಲ. ಈ ಕೈಕೆಲಸ ಕಾರ್ಖಾನೆಯಲ್ಲೇ ಸಿದ್ಧವಾಗುವ ಕ್ಯಾಬಿನ್ ಬಂದ ಮೇಲೆ ಸೊರಗಿತು. ಗೋಕಾಕದ ಕಟ್ಟಿಗೆಯ ಆಟಿಕೆಗೆ ಹೆಸರಿದೆ, ಅದು ಸಂತೋಷದ ಮಾತು. ಲಾರಿಯ ಬಾಡಿ ಕಟ್ಟಿದ ಬಡಿಗರ ಹೆಸರನ್ನು ಬರೆದಿಟ್ಟವರು ಯಾರೂ ಇಲ್ಲ.

1956ರ ನವೆಂಬರ್ 1 ಈ ಭಾಗದ ಲಾರಿಯವರಿಗೆ ಎರಡು ಬಗೆಯಲ್ಲಿ ನೆನಪಿಡುವ ದಿನ. ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕನ್ನಡಿಗರ ಬಯಕೆ ಈಡೇರಿತು. ಅದೇ ದಿನದಿಂದ, ನಿನ್ನೆಯವರೆಗೆ ಒಂದೇ ಪ್ರಾಂತದಲ್ಲಿದ್ದ ಕೊಲ್ಹಾಪುರ, ಗಡಹಿಂಗ್ಲಜ, ಸಾಂಗ್ಲಿಗಳು ಪರರಾಜ್ಯವಾದವು. ಸಂಕೇಶ್ವರದ ಲಾರಿ ಕೆಲವೇ ಕಿಲೋಮೀಟರು ಹೋದರೆ ಗಡಿ ದಾಟುತ್ತದೆ. 1939ರ ಮೋಟಾರು ವಾಹನ ಕಾಯಿದೆಯಡಿ ಪರ್ಮಿಟ್ ಕೊಡುವುದು ಆಯಾ ರಾಜ್ಯ. ಇನ್ನೊಂದು ರಾಜ್ಯಕ್ಕೆ ಹೋಗಬೇಕಾದರೆ ಅಲ್ಲಿಯ ಮೇಲುರುಜು ಬೇಕು, ಅಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಬೆಲ್ಲದ ಪೇಟೆ ಅಲ್ಲೇ ಇತ್ತು, ಸಂಬಂಧಿಕರು ಅಲ್ಲೇ ಇದ್ದರು, ಗಾಡಿಗೆ ಮಾತ್ರ ಹೊಸ ಕಾಗದ ಬೇಕಾಯಿತು. ಗಡಿಯ ವಾದ ರಾಜಕೀಯದವರಿಗೆ ಭಾಷೆಯ ವಿಷಯವಾಗಿದ್ದರೆ ಲಾರಿಯವನಿಗೆ ದಿನದ ಖರ್ಚಿನ ವಿಷಯವಾಗಿತ್ತು.

ಈ ತೊಡಕು ಸಡಿಲಾದದ್ದು 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂದ ಮೇಲೆ. ಒಂದೇ ಪರ್ಮಿಟ್ಟಿನ ಮೇಲೆ ಹಲವು ರಾಜ್ಯ ತಿರುಗಬಹುದಾಯಿತು. ಮುಂದಿನ ನಿಯಮಗಳು ಆ ಲಾರಿಗಳ ಬಾಡಿಗೆ ಒಣಗಿದ ಎಲೆಯ ಕಂದು ಬಣ್ಣ, ಬಿಳಿ ಅಂಚು ಎಂದು ಗೊತ್ತುಮಾಡಿದವು. 1988ರ ಹೊಸ ಕಾಯಿದೆ 1989ರ ಜುಲೈಯಲ್ಲಿ ಜಾರಿಯಾದಾಗ ಹಣೆಯ ಮೇಲಿನ ‘ಪಬ್ಲಿಕ್ ಕ್ಯಾರಿಯರ್’ ಎಂಬ ಬರಹಕ್ಕಿದ್ದ ಕಾಯಿದೆಯ ಆಧಾರ ಹೋಯಿತು. ಆದರೂ ಎಷ್ಟೋ ಗಾಡಿಗಳ ಮೇಲೆ ಅದು ಬಹಳ ವರ್ಷ ಉಳಿದಿತ್ತು. ಕರ್ನಾಟಕ 1979ರಲ್ಲಿ ಜಕಾತಿ ತೆಗೆದುಹಾಕಿತು, ಊರ ಬಾಗಿಲಲ್ಲಿ ನಾಕಾದ ಮುಂದೆ ಸಾಲು ನಿಲ್ಲುವ ಕಾಟ ಇಲ್ಲಿ ತಪ್ಪಿತು. ಮಹಾರಾಷ್ಟ್ರದ ನಗರಗಳಲ್ಲಿ ಅದು ಇನ್ನೂ ಬಹಳ ಕಾಲ ಮುಂದುವರಿಯಿತು. ಗಡಿಯ ಎರಡೂ ಬದಿಗೆ ದುಡಿಯುವ ಸಂಕೇಶ್ವರದ ಲಾರಿಯವರಷ್ಟು ಈ ವ್ಯತ್ಯಾಸವನ್ನು ಕಂಡುಂಡವರು ಬೇರೆ ಇರಲಿಕ್ಕಿಲ್ಲ.

ಈಗ ಕಬ್ಬಿನ ಮಾತಿಗೆ ಬರಬೇಕು. ಈ ಕಥೆಯ ಹೂರಣ ಅದೇ.

ಧೂಪದಾಳದ ಒಡ್ಡು ಮತ್ತು ಗೋಕಾಕ ಕಾಲುವೆ ಹತ್ತೊಂಬತ್ತನೆಯ ಶತಮಾನದ ಕೊನೆಯವು. ಸ್ವಾತಂತ್ರ್ಯದ ನಂತರ ಘಟಪ್ರಭಾ ಎಡದಂಡೆ ಕಾಲುವೆ ಮೂಡಲಗಿ ಸೀಮೆಗೆ ನೀರು ತಂದಿತು. 1970ರ ದಶಕದಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಹಿಡಿಯುವ ರಾಜಾ ಲಖಮಗೌಡ ಜಲಾಶಯ ನಿಂತಿತು. ನೀರಿದ್ದರೆ ಸಾಲದು, ಅದನ್ನು ಎತ್ತಬೇಕು. 1969ರಲ್ಲಿ ದೇಶದ ಐದು ಕಡೆ ಪ್ರಯೋಗವಾಗಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳು ಹುಟ್ಟಿದವು, ಅದರಲ್ಲಿ ಹುಕ್ಕೇರಿಯದು ಒಂದು. ಕರ್ನಾಟಕದಲ್ಲಿ ವಿದ್ಯುತ್ ಹಂಚುವ ಸಹಕಾರ ಸಂಘ ಇಂದಿಗೂ ಅದೊಂದೇ. ಅದರ ಹಿಂದೆಯೂ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯ ಹಿಂದೆಯೂ ಇದ್ದವರು ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರು. ನೀರು ಬಂತು, ಕರೆಂಟು ಬಂತು, ಪಂಪ್‌ಸೆಟ್ ಬಂತು, ಜೋಳದ ಹೊಲ ಕಬ್ಬಿನ ಗದ್ದೆಯಾಯಿತು. ಕಬ್ಬಿನ ಹಿಂದೆಯೇ ಲಾರಿ ಬಂತು. ಜಿಲ್ಲೆಯಲ್ಲಿ ಉಗಾರದ ಕಾರ್ಖಾನೆ 1939ರಷ್ಟು ಹಿಂದಿನದು. ಮುಂದೆ ಗೋಕಾಕ ಸೀಮೆಯಲ್ಲಿ ಘಟಪ್ರಭಾ ಸಹಕಾರಿ ಕಾರ್ಖಾನೆ, ಹುಣಶ್ಯಾಳದಲ್ಲಿ ಸತೀಶ್ ಶುಗರ್ಸ್, ಬೆಲ್ಲದ ಬಾಗೇವಾಡಿಯಲ್ಲಿ ವಿಶ್ವರಾಜ ಶುಗರ್ಸ್, ಕೊಳವಿಯಲ್ಲಿ ಗೋಕಾಕ ಶುಗರ್ಸ್ ಬಂದವು. ನೆರೆಯ ಸಮೀರವಾಡಿಯ ಕಾರ್ಖಾನೆಗೂ ಮೂಡಲಗಿ ಕಡೆಯ ಕಬ್ಬು ಹೋಗುತ್ತದೆ.

ಕಬ್ಬು ಕಾಯುವ ಸರಕಲ್ಲ. ಕಡಿದ ಗಳಿಗೆಯಿಂದ ಒಣಗತೊಡಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆಯ ಅಂಶ ಕುಗ್ಗುತ್ತದೆ. ಆದ್ದರಿಂದ ಹೊಲದಿಂದ ಕಾರ್ಖಾನೆಯ ಕಾಟಾದವರೆಗಿನ ಹಾದಿಯಲ್ಲಿ ತಡ ಎಂದರೆ ರೈತನಿಗೆ ನೇರ ನಷ್ಟ. ಅಕ್ಟೋಬರ್-ನವೆಂಬರಿನಲ್ಲಿ ಕಾರ್ಖಾನೆಯ ಸೀಟಿ ಕೂಗಿದರೆ ಮಾರ್ಚ್-ಏಪ್ರಿಲ್‌ವರೆಗೆ ಚಾಲಕನಿಗೆ ಮನೆಯ ಊಟವಿಲ್ಲ. ಮಹಾರಾಷ್ಟ್ರದ ಬೀಡ ಕಡೆಯಿಂದ ಬರುವ ಗ್ಯಾಂಗುಗಳು ಮುಕಾದಮನ ಮುಂದಾಳ್ತನದಲ್ಲಿ ಹೊಲದಲ್ಲೇ ಜೋಪಡಿ ಹಾಕಿಕೊಂಡು ಕಬ್ಬು ಕಡಿಯುತ್ತವೆ. ಗಂಡ ಕಡಿದರೆ ಹೆಂಡತಿ ಸೂಡು ಕಟ್ಟುತ್ತಾಳೆ, ಇಬ್ಬರೂ ತಲೆಯ ಮೇಲೆ ಹೊತ್ತು, ಓರೆಯಾಗಿಟ್ಟ ಹಲಗೆಯ ಮೇಲೆ ಹತ್ತಿ ಲಾರಿ ತುಂಬುತ್ತಾರೆ. ಹೊಲದಿಂದ ರಸ್ತೆಗೆ ಬರುವ ಕೆಸರಿನ ದಾರಿಯೇ ಇಡೀ ಪಯಣದ ಕಷ್ಟದ ಪಾಲು. ಕಾಲುವೆಯ ಏರಿ, ಬದು, ಸಣ್ಣ ಮೋರಿ, ಅಲ್ಲಿ ಹಿಂದಿನ ಗಾಲಿ ಹೂತರೆ ಇಡೀ ಲೋಡು ಇಳಿಸಬೇಕು. ಕಾರ್ಖಾನೆಯ ಯಾರ್ಡಿನಲ್ಲಿ ಸಾಲು. ಒಮ್ಮೊಮ್ಮೆ ಒಂದು ರಾತ್ರಿ, ಯಂತ್ರ ಕೆಟ್ಟರೆ ಎರಡು ಮೂರು ದಿನ. ಲಾರಿಯ ಕೆಳಗೆ ತಾಡಪತ್ರಿ ಹಾಸಿಕೊಂಡು ನಿದ್ದೆ, ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ. ತುಂಬಿದ ಗಾಡಿಯ ತೂಕ, ಆಮೇಲೆ ಖಾಲಿ ಗಾಡಿಯ ತೂಕ, ಎರಡರ ನಡುವಿನ ಅಂತರವೇ ರೈತನ ಬಿಲ್ಲು, ಲಾರಿಯವನ ಬಾಡಿಗೆ.

ಅಂತರದ ಲೆಕ್ಕದ ಮೇಲೆ ಟನ್ನಿಗೆ ಇಷ್ಟು ಎಂದು ಕಾರ್ಖಾನೆ ಬಾಡಿಗೆ ಕೊಡುತ್ತದೆ. ಕಟಾವು ಮತ್ತು ಸಾಗಾಣಿಕೆಯ ಆ ಖರ್ಚು ಕೊನೆಗೆ ಕಬ್ಬಿನ ದರದಲ್ಲೇ ವಜಾ ಆಗುವುದರಿಂದ ಲಾರಿಯ ಬಾಡಿಗೆಗೂ ರೈತನ ದರಕ್ಕೂ ಬಿಡಿಸಲಾಗದ ನಂಟಿದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕುಳಿತಾಗ ಈ ನಂಟು ಎಲ್ಲರ ಕಣ್ಣಿಗೆ ಬಿತ್ತು. ಕಬ್ಬು ಹೊಲದಲ್ಲಿ ನಿಂತಿತು, ಗಾಡಿಗಳು ಮನೆಯ ಮುಂದೆ ನಿಂತವು. ಸರಕಾರ 3,300 ರೂಪಾಯಿ ಎಂದು ಘೋಷಿಸಿದ ಮೇಲೆ ರಸ್ತೆ ಮತ್ತೆ ಜೀವ ಹಿಡಿಯಿತು.

ಟನ್ನಿನ ಲೆಕ್ಕದ ಬಾಡಿಗೆಗೆ ಒಂದು ಕರಾಳ ಮುಖವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೆಚ್ಚು ಹೇರಿದಷ್ಟೂ ಹೆಚ್ಚು ಗಳಿಕೆ. ಹತ್ತು ಟನ್ ಹೊರಬೇಕಾದ ಲಾರಿಯ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ಹೇರಿ, ಪಾಟಾ ಮುರಿದು, ಟೈರು ಸಿಡಿದು ಆದ ಅನಾಹುತಗಳಲ್ಲಿ ಜೀವಗಳು ಹೋಗಿವೆ. ಹೆಚ್ಚುವರಿ ಸರಕಿಗೆ ದಂಡ ಕಟ್ಟಿಸಿಕೊಂಡು ಹಾಗೆಯೇ ಬಿಡಬಾರದು, ಅದನ್ನು ಅಲ್ಲೇ ಇಳಿಸಬೇಕು ಎಂದು ಸುಪ್ರೀಂ ಕೋರ್ಟ್ 2005ರ ನವೆಂಬರಿನಲ್ಲಿ ಹೇಳಿತು. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಮಿತಿ ಏರಿತು, ಹಳೆಯ ಲಾರಿಯ ಎಲುಬು ಅದೇ ಉಳಿಯಿತು. ನಾಲ್ಕು ಕಾಸಿನ ಆಸೆಗೆ ಹೇರಿದವರು ಇದ್ದರು, ಕಂತು ಕಟ್ಟಲಾಗದೆ ಹೇರಿದವರು ಇನ್ನೂ ಹೆಚ್ಚು ಇದ್ದರು.

ಕಬ್ಬಿಲ್ಲದ ತಿಂಗಳುಗಳಲ್ಲಿ ಲಾರಿ ಬೇರೆ ಸರಕು ಹುಡುಕುತ್ತಿತ್ತು. ಗಾಣದಿಂದ ಬೆಲ್ಲದ ಪೆಂಟಿ ಮಹಾಲಿಂಗಪುರಕ್ಕೆ, ಕೊಲ್ಹಾಪುರಕ್ಕೆ. ಸಂಕೇಶ್ವರದ ಪೇಟೆಗೆ ಮೆಣಸಿನಕಾಯಿಯ ಚೀಲ, ಅದು ಹೊತ್ತ ದಿನ ಹಮಾಲರಿಗೂ ಕ್ಲೀನರನಿಗೂ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಗೋವಿನಜೋಳ, ಅರಿಷಿಣ, ಗೊಬ್ಬರ, ಇಟ್ಟಂಗಿ, ಉಸುಕು. ಆಂಬೋಲಿ ಘಾಟು ಇಳಿದು ಕೊಂಕಣಕ್ಕೆ ಹೋದರೆ ಮರಳುವಾಗ ಖಾಲಿ ಬರಬಾರದು, ಅದೇ ಈ ವೃತ್ತಿಯ ಮೊದಲ ಪಾಠ. ಮಳೆಗಾಲದಲ್ಲಿ ಆಂಬೋಲಿಯಲ್ಲಿ ಹತ್ತು ಮಾರು ಮುಂದೆ ಕಾಣುವುದಿಲ್ಲ. ಪವರ್ ಸ್ಟೇರಿಂಗ್ ಇಲ್ಲದ, ಡಬಲ್ ಕ್ಲಚ್ ಹಾಕಿ ಗೇರು ಬದಲಿಸುವ ಕಾಲದಲ್ಲಿ ತುಂಬಿದ ಲಾರಿಯನ್ನು ಆ ತಿರುವುಗಳಲ್ಲಿ ಇಳಿಸುವುದೆಂದರೆ ಬ್ರೇಕಿನ ಮೇಲಲ್ಲ, ಗೇರಿನ ಮೇಲೆ ಇಳಿಸಬೇಕು. ಏರುವಾಗ ಕ್ಲೀನರ ಕೈಯಲ್ಲಿ ಕಲ್ಲು ಹಿಡಿದು ಹಿಂದಿನ ಗಾಲಿಯ ಪಕ್ಕದಲ್ಲೇ ನಡೆಯುತ್ತಿದ್ದ, ಗಾಡಿ ಹಿಂದೆ ಸರಿದರೆ ತಕ್ಷಣ ಗಾಲಿಗೆ ಕೊಡಲು.

ಆ ಕ್ಲೀನರನೇ ಮುಂದೆ ಚಾಲಕ. ಚಾಲಕನನ್ನು ‘ಉಸ್ತಾದ’ ಎಂದು ಕರೆದು, ಗಾಡಿ ತೊಳೆದು, ಟೈರಿಗೆ ಗಾಳಿ ನೋಡಿ, ಹಗ್ಗ ಬಿಗಿದು, ತಾಡಪತ್ರಿ ಹೊದಿಸಿ, ಬೈಗುಳ ತಿಂದು ಕಲಿಯುವ ವಿದ್ಯೆ ಅದು. ಯಾವ ಶಾಲೆಯೂ ಅದನ್ನು ಕಲಿಸಲಿಲ್ಲ. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮ ಬಂದಾಗ ಕೈಯಲ್ಲಿ ವಿದ್ಯೆ ಇದ್ದು ಕಾಗದ ಇಲ್ಲದ ಎಷ್ಟೋ ಹುಡುಗರು ಹೊರಗುಳಿದರು. 2019ರಲ್ಲಿ ಕೇಂದ್ರ ಆ ನಿಯಮವನ್ನು ತೆಗೆದುಹಾಕಿದ್ದು ಒಳ್ಳೆಯ ಕೆಲಸ.

ಲಾರಿ ಬರೀ ಸರಕಿನದಾಗಿರಲಿಲ್ಲ, ಊರಿನದೂ ಆಗಿತ್ತು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಓಣಿಗೆ ಓಣಿಯೇ ಲಾರಿ ಹತ್ತಿ ಹೋಗುತ್ತಿತ್ತು. ಮದುವೆಯ ದಿಬ್ಬಣ, ಬಳುವಳಿಯ ಸಾಮಾನು, ರಾತ್ರಿ ಹೆರಿಗೆಯ ನೋವು ಬಂದ ಹೆಣ್ಣುಮಗಳು, ಹಾವು ಕಚ್ಚಿದ ರೈತ, ಎಲ್ಲರಿಗೂ ಅದೇ ಗಾಡಿ. ಕಾಯಿದೆ ಒಪ್ಪುತ್ತಿರಲಿಲ್ಲ, ಊರು ಕೇಳುತ್ತಿತ್ತು. ಖಂಡೇ ಪೂಜೆಯ ದಿನ ಬಾಳೆಕಂಬ ಕಟ್ಟಿ ಕುಂಬಳಕಾಯಿ ಒಡೆಯುವುದು, ಅಮಾವಾಸ್ಯೆಗೆ ತೆಂಗಿನಕಾಯಿ, ನಿಂಬೆಹಣ್ಣು, ಮೆಣಸಿನಕಾಯಿ ತೂಗಿಸುವುದು ಇಂದಿಗೂ ತಪ್ಪಿಲ್ಲ.

ಮಾಲಕರು ಎಂದರೆ ದೊಡ್ಡ ಶ್ರೀಮಂತರು ಎಂದು ಹೊರಗಿನವರು ತಿಳಿಯುತ್ತಾರೆ. ಈ ಮೂರು ತಾಲೂಕುಗಳಲ್ಲಿ ಹೆಚ್ಚಿನವರು ಒಂದೋ ಎರಡೋ ಗಾಡಿಯವರು. ಹೊಲ ಅಡವಿಟ್ಟು ಚಾಸಿ ತಂದವರು, ಕಂತಿನ ಮೇಲೆ ಬದುಕಿದವರು. ಒಂದು ಲಾರಿಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಉತ್ತರ ಕರ್ನಾಟಕದಲ್ಲೇ ದೊಡ್ಡ ಉದಾಹರಣೆ ಇದೆ. ಹುಕ್ಕೇರಿ ತಾಲೂಕಿನ ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ವಿಜಯ ಸಂಕೇಶ್ವರರು ಗದುಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಶುರುಮಾಡಿದರು. ಮನೆಯ ವೃತ್ತಿ ಮುದ್ರಣ ಮತ್ತು ಪುಸ್ತಕ ಪ್ರಕಾಶನ, ಅದನ್ನು ಬಿಟ್ಟು ರಸ್ತೆಗಿಳಿದವರು ಅವರು. ಆ ವಿಆರ್‌ಎಲ್ ಮುಂದೆ ಹುಬ್ಬಳ್ಳಿಯನ್ನು ನೆಲೆ ಮಾಡಿಕೊಂಡು ದೇಶದ ಅತಿ ದೊಡ್ಡ ಖಾಸಗಿ ವಾಹನ ಬಳಗಗಳಲ್ಲಿ ಒಂದಾಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಲ್ಲರೂ ಅಷ್ಟು ದೂರ ಹೋಗಲಿಲ್ಲ. ಆದರೆ ಒಂದು ಲಾರಿಯ ದುಡಿಮೆಯಲ್ಲಿ ಮಕ್ಕಳನ್ನು ಓದಿಸಿ ಎಂಜಿನಿಯರ್, ಶಿಕ್ಷಕ, ನರ್ಸ್ ಮಾಡಿದ ಮನೆಗಳು ಗೋಕಾಕದಿಂದ ಯಮಕನಮರಡಿಯವರೆಗೆ ಇವೆ. ಅದು ಸಣ್ಣ ಸಾಧನೆಯಲ್ಲ.

ಒಂಟಿ ಮಾಲಕನ ದನಿ ಯಾರಿಗೂ ಕೇಳುವುದಿಲ್ಲವೆಂದೇ ಸಂಘಗಳು ಹುಟ್ಟಿದವು. ಅಖಿಲ ಭಾರತ ಮೋಟರ್ ಟ್ರಾನ್ಸ್‌ಪೋರ್ಟ್ ಕಾಂಗ್ರೆಸ್ 1936ರಷ್ಟು ಹಳೆಯದು. ಪರ್ಮಿಟ್, ವಿಮೆಯ ಕಂತು, ಡೀಸೆಲ್ ದರ, ಟೋಲ್, ಚೆಕ್‌ಪೋಸ್ಟಿನ ಕಿರಿಕಿರಿ, ಬೇಡಿಕೆಯ ಪಟ್ಟಿ ದಶಕಗಳಿಂದ ಹೆಚ್ಚುಕಡಿಮೆ ಅದೇ. 2018ರ ಜುಲೈಯಲ್ಲಿ ದೇಶದಾದ್ಯಂತ ಎಂಟು ದಿನ ಲಾರಿಗಳು ನಿಂತವು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ದರ ಮತ್ತು ಟೋಲ್ ವಿರೋಧಿಸಿ ಕರ್ನಾಟಕದ ಲಾರಿ ಮಾಲಕರ ಒಕ್ಕೂಟ ಮುಷ್ಕರ ಹೂಡಿತು. ತಾಲೂಕು ಮಟ್ಟದ ಸಂಘ ಮಾಡುವ ದಿನನಿತ್ಯದ ಕೆಲಸ ಇದಕ್ಕಿಂತ ಬೇರೆ: ಪಾಳಿಯ ಪ್ರಕಾರ ಲೋಡು ಹಂಚುವುದು, ಬಾಡಿಗೆ ಮುಳುಗಿಸಿದವರಿಂದ ವಸೂಲಿ ಮಾಡಿಕೊಡುವುದು, ದೂರದ ಊರಲ್ಲಿ ಅಪಘಾತವಾದರೆ ಹೆಣ ತರಿಸುವುದು. ಈ ಕೊನೆಯ ಕೆಲಸಕ್ಕೆ ರಸೀದಿ ಇಲ್ಲ, ಲೆಕ್ಕವೂ ಇಲ್ಲ.

ರಸ್ತೆಯೂ ಬದಲಾಗಿದೆ. ಸುವರ್ಣ ಚತುಷ್ಪಥದಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಅಗಲವಾಯಿತು, ಎನ್‌ಎಚ್ 4 ಎಂಬ ಹೆಸರು ಎನ್‌ಎಚ್ 48 ಆಯಿತು, ಹತ್ತರಗಿಯಲ್ಲಿ ಟೋಲ್ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಮುಚ್ಚಿದವು. 1956ರಿಂದ ಕಾಡಿದ್ದ ಗಡಿ ಲಾರಿಯವನ ಪಾಲಿಗೆ ಅರ್ಧದಷ್ಟಾದರೂ ಅಳಿಸಿತು. ಮರುವರ್ಷ ಕರ್ನಾಟಕ ರಾಜ್ಯದೊಳಗಿನ ಸಾಗಾಟಕ್ಕೂ ಇ-ವೇ ಬಿಲ್ ಜಾರಿಗೆ ತಂದ ಮೊದಲ ರಾಜ್ಯವಾಯಿತು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾಯಿತು, ಅದರ ಯಾದವಾಡದಲ್ಲಿ ಸಿಮೆಂಟ್ ಕಾರ್ಖಾನೆ ಬಂದು ಹತ್ತು, ಹನ್ನೆರಡು, ಹದಿನಾಲ್ಕು ಗಾಲಿಯ ಗಾಡಿಗಳು ಹಳ್ಳಿಯ ರಸ್ತೆಗಿಳಿದವು. ಹತ್ತಿರದ ಕಬ್ಬನ್ನು ಈಗ ಬಹುಪಾಲು ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳೇ ಎಳೆಯುತ್ತವೆ. 2019ರ ಆಗಸ್ಟಿನ ಮಹಾಪೂರದಲ್ಲಿ ಗೋಕಾಕದ ಲೋಳಸೂರ ಸೇತುವೆ ಮುಳುಗಿದಾಗ ಮಾತ್ರ, ಎಷ್ಟು ದೊಡ್ಡ ಗಾಡಿಯಾದರೂ ಒಂದು ಸೇತುವೆಯ ಮೇಲೆ ನಿಂತಿದೆ ಎಂಬುದು ಮತ್ತೆ ಗೊತ್ತಾಯಿತು. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ 2025ರ ಅಕ್ಟೋಬರ್ 1ರಿಂದ ಎ.ಸಿ. ಕಡ್ಡಾಯ. ಮುಖಕ್ಕೆ ಬಟ್ಟೆ ಸುತ್ತಿ ಬರಿಯ ಚಾಸಿ ಓಡಿಸಿ ತಂದವರಲ್ಲಿ ಕೆಲವರಾದರೂ ಇದನ್ನು ಕಾಣುವಂತಾದದ್ದು ನ್ಯಾಯವೇ.

ಹಳೆಯ ಲಾರಿಗಳು ಏನಾದವು? ಬಹಳಷ್ಟು ಗುಜರಿಗೆ ಹೋದವು. ದೂರದ ಓಟಕ್ಕೆ ಸಲ್ಲದವು ಕಬ್ಬಿನ ಹಂಗಾಮಿನಲ್ಲಿ ಹೊಲ-ಕಾರ್ಖಾನೆಗಳ ನಡುವೆ ಕೊನೆಯ ದುಡಿಮೆ ದುಡಿದವು. ಕೆಲವು ನೀರಿನ ಟ್ಯಾಂಕರಾದವು. 2021ರಲ್ಲಿ ಕೇಂದ್ರ ಎರಡು ನಿಯಮ ತಂದಿತು. ಒಂದು, ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿ. ಇನ್ನೊಂದು, 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ. ಆದರೆ ಆ ವಿಂಟೇಜ್ ಮಾನ್ಯತೆ ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ. ಸರಕಿನ ಲಾರಿಗೆ ಅದರಲ್ಲಿ ಜಾಗವಿಲ್ಲ. ರಾಜನ ಕಾರಿಗೆ ಗೌರವ, ರೈತನ ಕಬ್ಬು ಹೊತ್ತ ಲಾರಿಗೆ ಗುಜರಿ, ಇದು ತಪ್ಪು ನಿಯಮ. ಬದಲಾಗಬೇಕು.

ಹಳೆಯ ಲಾರಿಗೆ ಗೌರವ ಕೊಡುವ ಕಡೆಗಳೂ ಇವೆ. ಬ್ರಿಟನ್ನಿನ ವೇಲ್ಸ್ ಸೀಮೆ ಹಾಲು, ಕುರಿ, ಕಲ್ಲಿದ್ದಲು, ಸುಣ್ಣಗಳ ನಾಡು. ಅಲ್ಲಿಯೂ ಹಳ್ಳಿಯ ಕುಟುಂಬಗಳೇ ಒಂದೆರಡು ಲಾರಿ ಇಟ್ಟುಕೊಂಡು ರೈತನ ಬಾಗಿಲಿನಿಂದ ಪೇಟೆಗೆ ಸರಕು ಹೊತ್ತವರು. ಈ ಭಾಗದಲ್ಲಿ ಓಡಿದ ಬೆಡ್‌ಫೋರ್ಡೇ ಅಲ್ಲಿಯೂ ಓಡಿತು, ಜೊತೆಗೆ ಫೋಡನ್, ಇಆರ್‌ಎಫ್‌ಗಳು. ಅಲ್ಲಿಯವರು ಹಳೆಯ ಲಾರಿಗಳನ್ನು ಉಜ್ಜಿ, ಬಣ್ಣ ಬಳಿದು, ಬಾಗಿಲ ಮೇಲೆ ಅಜ್ಜನ ಕಾಲದ ಹೆಸರನ್ನು ಮತ್ತೆ ಬರೆಸಿ ಬೇಸಿಗೆಯ ಮೇಳಗಳಲ್ಲಿ ಸಾಲಾಗಿ ನಿಲ್ಲಿಸುತ್ತಾರೆ, ನೆನಪುಗಳನ್ನು ಪುಸ್ತಕ ಮಾಡುತ್ತಾರೆ. ಕರ್ನಾಟಕದಲ್ಲಿ ಧರ್ಮಸ್ಥಳದವರು ಹಳೆಯ ಕಾರುಗಳನ್ನು ಜತನದಿಂದ ಕಾಯ್ದಿಟ್ಟಿದ್ದಾರೆ. ಲಾರಿಗೆ ಅಂಥದೊಂದು ನೆಲೆ ಬೇಕಾದರೆ ಅದು ಕಬ್ಬಿನ ಸೀಮೆಯಲ್ಲೇ ಆಗಬೇಕು.

ಆದ್ದರಿಂದ ಈ ಸಂಚಿಕೆ ಕೈಗೆ ಬಂದ ಪ್ರತಿಯೊಬ್ಬ ಮಾಲಕ, ಚಾಲಕ, ಮಿಸ್ತ್ರಿ, ಹಮಾಲರಲ್ಲಿ ಒಂದು ವಿನಂತಿ. ಮನೆಯ ಟ್ರಂಕಿನಲ್ಲಿ ಹಳೆಯ ಪರ್ಮಿಟ್ ಪುಸ್ತಕ, ಜಕಾತಿಯ ರಸೀದಿ, ಕಾಟಾ ಚೀಟಿ, ಲಾರಿಯ ಮುಂದೆ ನಿಂತು ತೆಗೆಸಿದ ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ, ಲಾರಿ ಮಾಲಕರ ಸಂಘದ ಕಚೇರಿಗೆ ತೋರಿಸಿ, ನಕಲು ಮಾಡಿಸಿಕೊಂಡು ಮೂಲವನ್ನು ಮರಳಿಸಲಾಗುವುದು. ಎಪ್ಪತ್ತು ದಾಟಿದ ಉಸ್ತಾದರ ಮಾತನ್ನು ಮೊಮ್ಮಕ್ಕಳು ಮೊಬೈಲಿನಲ್ಲಾದರೂ ರೆಕಾರ್ಡ್ ಮಾಡಿಕೊಳ್ಳಲಿ. ಸಕ್ಕರೆ ಕಾರ್ಖಾನೆಗಳು ತಮ್ಮ ಯಾರ್ಡಿನ ಒಂದು ಮೂಲೆಯನ್ನು ಕೊಡಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಎಲ್ಲಿಯಾದರೂ ಹಿತ್ತಲಿನಲ್ಲಿ ದುಂಡು ಮೂತಿಯ 1210 ಒಂದು ಇನ್ನೂ ನಿಂತಿದ್ದರೆ, ಗುಜರಿಯವನು ಬಾಗಿಲಿಗೆ ಬರುವ ಮೊದಲು ಸಂಘಕ್ಕೆ ತಿಳಿಸಿ.